ಅಕೇಶಿಯಾ ಸಾಲಿನ ಹಿಂದೆ

ಒಣಗಿ ಬಿದ್ದ ಮತ್ತಿ ಎಲೆಯನ್ನು ಬೋರಲು ಮಾಡಿದರೆ, ತೊಟ್ಟು ಸೇರುವ ಜಾಗದ ಹತ್ತಿರ, ನಡುನರದ ಮೇಲೆ ಎರಡು ಪುಟ್ಟ ಗಂಟುಗಳು ಕಾಣುತ್ತವೆ. ಸಾಸಿವೆಗಿಂತ ಚಿಕ್ಕವು. ಎಲೆ ಉದುರಿ ಎಷ್ಟೋ ದಿನವಾಗಿ, ಬಣ್ಣ ಹೋಗಿ, ಅಂಚು ಮುರಿದಿದ್ದರೂ ಆ ಗಂಟುಗಳು ಉಗುರಿಗೆ ಸಿಗುತ್ತವೆ. ಆಯನೂರು ದಾಟಿದ ಮೇಲೆ ಬರುವ ಒಂದು ತಿರುವಿನಲ್ಲಿ, ಮಾರ್ಚ್ ತಿಂಗಳ ಮಧ್ಯಾಹ್ನ, ಅಂಥ ಒಂದು ಎಲೆಯನ್ನು ಹಿಡಿದು ನಾನು ನಿಂತಿದ್ದಾಗ ರಸ್ತೆಯ ಕಡೆಯಿಂದ ಜೀಪಿನ ಹಾರನ್ನು ಬಿಡದೆ ಕೂಗುತ್ತಿತ್ತು.

"ಬೇಗ ಬಾರಮ್ಮಾ! ಅಲ್ಲೇ ಮನೆ ಕಟ್ತೀಯಾ ಹೆಂಗೆ?" ಎಂದು ನಮ್ಮ ಮುಖ್ಯಸ್ಥರ ಕೂಗು.

ಎಲೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಭದ್ರಾವತಿಯಿಂದ ಶಿವಮೊಗ್ಗ ಹಾದು, ಸಾಗರದ ರಸ್ತೆ ಹಿಡಿದು ಆಯನೂರಿನ ಆಚೆಯವರೆಗೆ ರಸ್ತೆ ಅಗಲ ಮಾಡುವ ಯೋಜನೆಯೊಂದು ಆಗ ನಡೆದಿತ್ತು. ಮರ ಕಡಿಯುವ ಮೊದಲು, ಕಡಿಯಲಿರುವುದು ಏನು ಎಂದು ಬರೆದುಕೊಡಬೇಕು. ಆ ಬರವಣಿಗೆಯ ಗುತ್ತಿಗೆ ಸವಳಂಗ ರಸ್ತೆಯಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ಸಣ್ಣ ಸಂಸ್ಥೆಗೆ ಸಿಕ್ಕಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಅದಕ್ಕೆ ಮೂರು ತಿಂಗಳ ಮೊದಲು ಅಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಮೊಬೈಲ್ ಫೋನು ಸಂಸ್ಥೆಯ ಮುಖ್ಯಸ್ಥರ ಕೈಯಲ್ಲಿ ಮಾತ್ರ ಇದ್ದ ಕಾಲ ಅದು. ಅವರು ಅದನ್ನು ಅಂಗಿಯ ಜೇಬಿನಲ್ಲಿ ಹೊರಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು.

ಜೀಪಿನಲ್ಲಿ ನಾವು ನಾಲ್ಕು ಜನ. ಮುಂದಿನ ಸೀಟಿನಲ್ಲಿ ಮುಖ್ಯಸ್ಥರು, ಹಿಂದೆ ರಸ್ತೆಯ ನಕ್ಷೆ ಹಿಡಿದ ಇಂಜಿನಿಯರು ಮತ್ತು ನಾನು. ಡ್ರೈವರು ಭದ್ರಾವತಿಯ ಕಾರ್ಖಾನೆ ಕಾಲೋನಿಯಲ್ಲಿ ಹುಟ್ಟಿ ಬೆಳೆದವನು, ಮನೆಯಲ್ಲಿ ತಮಿಳು, ಜೀಪಿನಲ್ಲಿ ಕನ್ನಡ, ಲಾರಿಯವರ ಜೊತೆ ಜಗಳಕ್ಕೆ ಎರಡೂ.

ಕೆಲಸದ ಕ್ರಮ ಹೀಗಿತ್ತು. ಕಿಲೋಮೀಟರ್ ಕಲ್ಲು ಬಂದಾಗ ಜೀಪು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮುಖ್ಯಸ್ಥರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ಕಂಡದ್ದನ್ನು ಕೂಗುತ್ತಾರೆ, ನಾನು ಬರೆದುಕೊಳ್ಳಬೇಕು. ಮುಖ್ಯ ಜಾತಿ ಯಾವುದು, ನೆರಳು ದಟ್ಟವೇ ತೆಳುವೇ, ಸಹಜ ಕಾಡೋ ನೆಡುತೋಪೋ. ಅವರು ಓದಿದ್ದು ಸಸ್ಯಶಾಸ್ತ್ರವಲ್ಲ. ಕೇಳಿದರೆ, "ಮರ ಗುರುತಿಸೋಕೆ ಡಿಗ್ರಿ ಬೇಕೇನಮ್ಮ?" ಎನ್ನುತ್ತಿದ್ದರು.

ಆದರೂ ಆ ರಸ್ತೆ ನನಗೆ ಇಷ್ಟವಾಗಿತ್ತು ಎಂದು ಹೇಳಬೇಕು. ಭದ್ರಾವತಿಯ ಕಾಲೋನಿಗಳ ಮಳೆಮರಗಳ ಕೆಳಗಿಂದ ಹೊರಟರೆ, ಊರು ಮುಗಿದ ಮೇಲೆ ಹಳೆಯ ಹುಣಸೆ, ಆಲ, ಅವುಗಳ ಹಿಂದೆ ಗದ್ದೆ. ಶಿವಮೊಗ್ಗ ದಾಟಿ ಸಾಗರದ ದಾರಿ ಹಿಡಿದಾಗ ಮೊದಲು ಸಿಗುವುದು ಜಾಲಿ, ಲಂಟಾನ, ಬಿಸಿಲಿಗೆ ಬಿಳಿಚಿದ ನೀಲಗಿರಿ. ಮುಂದೆ ತೇಗ. ಅಲ್ಲಿಂದಾಚೆ ಒಂದೊಂದಾಗಿ ದಿಂಡಗ, ಕಕ್ಕೆ, ಮುತ್ತುಗ ಸೇರಿಕೊಳ್ಳುತ್ತವೆ. ಆಯನೂರು ಹತ್ತಿರವಾದಂತೆ ದಿಂಡಗ ಹಿಂದೆ ಬಿದ್ದು ಮತ್ತಿ ಮುಂದೆ ಬರುತ್ತದೆ, ಬಿದಿರಿನ ಮೆಳೆ ದಪ್ಪವಾಗುತ್ತದೆ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು. ಎಲ್ಲಿ ಎಷ್ಟು ಹೆಚ್ಚು ಎಂಬುದನ್ನು ಮರಗಳೇ ಹೇಳುತ್ತವೆ, ನೋಡುವವರು ಜೀಪಿನಿಂದ ಇಳಿದರೆ.

ಇಳಿಯಲು ಸಮಯವಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ವರದಿ ಸಲ್ಲಿಸಿ ಬಿಲ್ಲು ಪಾಸಾಗಬೇಕಿತ್ತು. ಹಾಗಾಗಿ ಎಲೆ ಉದುರಿಸುವ ಕಾಡನ್ನು ಎಲೆ ಉದುರಿದ ತಿಂಗಳಿನಲ್ಲೇ, ಓಡುವ ಗಾಡಿಯಿಂದ ನೋಡಲು ನಾವು ಹೊರಟಿದ್ದೆವು. ಆಯನೂರಿನ ಆಚೆ ಇಡೀ ಮಾರ್ಚಿನಲ್ಲಿ ರಸ್ತೆಬದಿಯಲ್ಲಿ ಹಸಿರಾಗಿ ನಿಲ್ಲುವ ಮರ ಒಂದೇ, ಅಕೇಶಿಯಾ. ಯಾವಾಗಲೋ ಕಾಡಿನ ಅಂಚಿಗೆ, ರಸ್ತೆಯುದ್ದಕ್ಕೂ, ಸಾಲುಸಾಲಾಗಿ ನೆಟ್ಟದ್ದು. ಜೀಪಿನಿಂದ ನೋಡುವವರಿಗೆ ಅದು ಹಸಿರು ಗೋಡೆ. ಗೋಡೆಯ ಸಂದಿಯಲ್ಲಿ ಕಂಡರೆ ಕಂಡದ್ದು ಬೋಳು ಕೊಂಬೆಗಳು.

"ಎಡಕ್ಕೆ ಅಕೇಶಿಯಾ. ಬಲಕ್ಕೂ ಅಕೇಶಿಯಾ. ಹಿಂದೆ ಒಣ ಕುರುಚಲು. ಬರ್ಕೊ."

ಬರೆದುಕೊಂಡೆ.

ಇಲ್ಲಿ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾಗದು. ನನಗೆ ಇಂಥದನ್ನು ಬರೆಯುವ ಅಭ್ಯಾಸವಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಭದ್ರಾವತಿಯ ಮನೆಯಿಂದ ಹೊರಟರೆ ಸಂಜೆ ಮರಳುವವರೆಗೆ ನಾನು ನೀರು ಮುಟ್ಟುತ್ತಿರಲಿಲ್ಲ. ಚೀಲದಲ್ಲಿದ್ದ ಬಾಟಲಿ ತುಂಬಿದಂತೆಯೇ ವಾಪಸಾಗುತ್ತಿತ್ತು. ಅಮ್ಮ ಆ ನೀರನ್ನು ತುಳಸಿಗೆ ಹಾಕುತ್ತ ಬೈಯುತ್ತಿದ್ದಳು: "ನಾಳೆ ಹೊಟ್ಟೆನೋವು ಅಂತ ಮಲಗಿದ್ರೆ ನಿಮ್ ಸಾಹೇಬ್ರು ಬರ್ತಾರಾ ಆಸ್ಪತ್ರೆಗೆ?" ಗಂಡಸರಿಗೆ ಈ ಲೆಕ್ಕಾಚಾರವಿಲ್ಲ. ಅವರಿಗೆ ಬೇಕಾದಾಗ ಜೀಪು ನಿಲ್ಲುತ್ತದೆ, ಮೂವರೂ ಇಳಿದು ರಸ್ತೆಗೆ ಬೆನ್ನು ಮಾಡಿ ಮೊದಲ ಸಾಲಿನ ಅಕೇಶಿಯಾಗಳ ಎದುರು ನಿಲ್ಲುತ್ತಾರೆ. ನಾನು ಜೀಪಿನಲ್ಲಿ ಕುಳಿತು ಎದುರಿನ ಬದಿಯ ಮರಗಳನ್ನು ನೋಡುತ್ತೇನೆ.

"ಈ ರೋಡಿನ ಅಕೇಶಿಯಾ ಎಲ್ಲಾ ಸಾರ್ ಸಾಕಿದ್ದೇ ಮೇಡಂ," ಎಂದು ಡ್ರೈವರು ಒಮ್ಮೆ ಹೇಳಿದ. "ಟೈಮಿಗೆ ಸರಿಯಾಗಿ ನೀರು ಹಾಕ್ತಾರೆ."

ಮುಖ್ಯಸ್ಥರು ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ತಿರುವಿನ ದಿನ ನನಗೆ ತಡೆಯಲಾಗಲಿಲ್ಲ. ಜೀಪು ನಿಂತಾಗ, ಅವರು ಇಳಿಯುವ ಮೊದಲೇ ನಾನು ಇಳಿದೆ. ಏನನ್ನೂ ಹೇಳದೆ ರಸ್ತೆಯ ಇನ್ನೊಂದು ಬದಿಗೆ ಹೋಗಿ ಅಕೇಶಿಯಾ ಸಾಲುಗಳ ಒಳಗೆ ನಡೆದೆ. ಮೊದಲ ಸಾಲಿನಲ್ಲಿ ನಿಂತರೆ ಬಸ್ಸಿನವರಿಗೆ ಕಾಣುತ್ತದೆ. ಎರಡನೆಯದರಲ್ಲಿ ಲಾರಿಯ ಮೇಲೆ ಕುಳಿತವರಿಗೆ ಕಾಣುತ್ತದೆ. ನಾನು ರಸ್ತೆಯೇ ಕಾಣದಷ್ಟು ದೂರ ಹೋಗಬೇಕಿತ್ತು.

ಕಾಲಿನ ಕೆಳಗಿನ ಸದ್ದು ಬದಲಾದದ್ದು ಮೊದಲು ಗೊತ್ತಾಯಿತು. ಅಕೇಶಿಯಾದ ತರಗು ಸಣ್ಣದು, ಚಪ್ಪಟೆ, ಕಾಲಿಗೆ ಜಾರುತ್ತದೆ. ಇದು ದೊಡ್ಡ ಎಲೆಗಳು ಒಡೆಯುವ ಸದ್ದು. ತಲೆಯೆತ್ತಿದರೆ ಬೆಳಕು. ನನ್ನ ಸುತ್ತ ಮೊಸಳೆಯ ಬೆನ್ನಿನಂಥ ತೊಗಟೆಯ ಮತ್ತಿ ಮರಗಳು, ಎರಡು ಕೈ ಚಾಚಿ ತಬ್ಬಿದರೂ ಸುತ್ತು ಮುಗಿಯದವು. ನುಣುಪಾಗಿ, ಅಲ್ಲಲ್ಲಿ ಹಾಳೆ ಹಾಳೆಯಾಗಿ ಸುಲಿದುಕೊಂಡ ನಂದಿ. ಗಾಯದಿಂದ ಕೆಂಪು ಅಂಟು ಸೋರಿದ್ದ ಹೊನ್ನೆ, ಅದರ ಬುಡದಲ್ಲಿ ಚಪ್ಪಟೆ ರೆಕ್ಕೆಯ ಕಾಯಿಗಳು. ಎರಡು ಬೀಟೆ. ತಗ್ಗಿನಲ್ಲಿ ಒಣಗಿದ ಹಳ್ಳವೊಂದು, ಅದರ ದಡದಲ್ಲಿ ನೇರಳೆ. ಮತ್ತಿಯ ತರಗಿನ ನಡುವೆ ಬೆರಳುದ್ದದ ಸಸಿಗಳೂ ಇದ್ದವು, ಯಾರೂ ನೆಟ್ಟದ್ದಲ್ಲ.

ಆ ತಿರುವನ್ನು ನೇರ ಮಾಡುವ ಗೆರೆ ಇಂಜಿನಿಯರರ ನಕ್ಷೆಯಲ್ಲಿತ್ತು. ಬೆಳಿಗ್ಗೆಯಷ್ಟೇ ನೋಡಿದ್ದೆ. ಹೊಸ ರಸ್ತೆ ಅಕೇಶಿಯಾ ಸಾಲನ್ನು ಅಡ್ಡ ಸೀಳಿ ಈ ಮರಗಳ ನಡುವೆಯೇ ಹಾಯುತ್ತಿತ್ತು. ನೆಡುತೋಪು ಎಂದು ಬರೆದರೆ ಯಾರೂ ಬಂದು ನೋಡುವುದಿಲ್ಲ. ನೆಟ್ಟವರೇ ಕಡಿಯುತ್ತಾರೆ, ಬೇರೆ ಕಡೆ ಮತ್ತೆ ನೆಡುತ್ತಾರೆ. ಸಹಜ ಕಾಡು ಎಂದು ಬರೆದರೆ ಮರಗಳ ಲೆಕ್ಕವಾಗಬೇಕು, ಗೆರೆ ಬದಲಾಯಿಸಲಾಗುತ್ತದೆಯೇ ಎಂದು ಯೋಚಿಸಬೇಕು. ಒಂದು ಪದದ ಮೇಲೆ ಆ ಮರಗಳೆಲ್ಲ ನಿಂತಿದ್ದವು.

ಜೀಪು ಹತ್ತಿದ ಕೂಡಲೇ ಹೇಳಿದೆ. "ಸರ್, ಒಳಗೆ ಸಹಜ ಕಾಡಿದೆ. ಮತ್ತಿ, ನಂದಿ, ಬೀಟೆ. ಇಲ್ಲಿ ನೆಡುತೋಪು ಅಂತ ಬರೆಯೋದು ತಪ್ಪಾಗುತ್ತೆ."

"ನಮಗೆ ಕಾಣ್ಲಿಲ್ವಲ್ಲ?"

"ಅಕೇಶಿಯಾ ಹಿಂದೆ ಇದೆ ಸರ್."

"ಸಂದೀಲಿ ನೋಡ್ದೆ ನಾನು. ಒಂದು ಎಲೆ ಇಲ್ಲ. ಒಣಗಿ ಸತ್ತೋಗಿರೋ ಮರಕ್ಕೆ ಕಾಡು ಅಂತೀಯಲ್ಲ ಮಾರಾಯ್ತಿ."

"ಸತ್ತಿಲ್ಲ ಸರ್. ಇದು ಮಾರ್ಚ್."

"ಹೂಂ, ಮಾರ್ಚೇ. ತಿಂಗಳ ಕೊನೆಗೆ ರಿಪೋರ್ಟ್ ಹೋಗ್ಬೇಕು. ನೆನಪಿರ್ಲಿ."

ಒಂದು ದಿನ ಕೊಡಿ ಎಂದು ಕೇಳಿದೆ. ಹಗ್ಗದಿಂದ ಚೌಕ ಹಾಕಿ, ಒಳಗಿನ ಪ್ರತಿ ಮರದ ಹೆಸರು ಬರೆದು, ಎದೆಯ ಎತ್ತರದಲ್ಲಿ ಸುತ್ತಳತೆ ತೆಗೆಯುವುದು ನಮಗೆ ಕಲಿಸಿದ್ದ ಕ್ರಮ. ಅಂಥ ಕೆಲವು ಚೌಕಗಳಾದರೆ ಸಾಕು, ವಾದವೇ ಇರುವುದಿಲ್ಲ. ಮುಂದಿನ ಕಲ್ಲು ಬಂದಿತ್ತು. "ಎಡಕ್ಕೆ ಅಕೇಶಿಯಾ," ಎಂದರು ಮುಖ್ಯಸ್ಥರು.

ಇನ್ನೆರಡು ದಿನ ಅದೇ ದಾರಿಯಲ್ಲಿ ಓಡಾಡಿದೆವು. ಗಂಡಸರು ಇಳಿದಾಗಲೆಲ್ಲ ನಾನೂ ಇಳಿದೆ, ಅಗತ್ಯವಿರಲಿ ಇಲ್ಲದಿರಲಿ. ಒಳಗೆ ಹೋಗಿ ಸಿಕ್ಕಷ್ಟು ತರಗು, ಉದುರಿದ ತೊಗಟೆಯ ಚೂರು, ಕಾಯಿಗಳನ್ನು ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿ ತಂದೆ. ಶುಕ್ರವಾರ ಸಂಜೆ ಕಚೇರಿಯ ಉದ್ದನೆಯ ಮೇಜಿನ ಮೇಲೆ ಅವನ್ನು ಜಾತಿಯ ಪ್ರಕಾರ ಜೋಡಿಸಿ, ಹೆಸರಿನ ಚೀಟಿ ಇಟ್ಟೆ. ಮುಖ್ಯಸ್ಥರು ಬಂದು ನೋಡಿದರೆ ಮಾತಾಡಬಹುದೆಂದುಕೊಂಡಿದ್ದೆ.

ಸೋಮವಾರ ಬಂದಾಗ ಮೇಜು ಖಾಲಿ. ಒರೆಸಿ ಇನ್ನೂ ಒದ್ದೆಯಾಗಿತ್ತು.

"ಕಸ ಎಲ್ಲಾ ತೆಗ್ದಾಕು ಅಂತ ಸಾಹೇಬ್ರೇ ಹೇಳಿದ್ರು ಮೇಡಂ," ಎಂದ ಕಚೇರಿಯ ಅಟೆಂಡರು. ಅವನಿಗೆ ಹೆದರಿಕೆಯಾಗಿತ್ತು, ಬಹುಶಃ ನನ್ನ ಮುಖ ನೋಡಿ. "ಚೀಟಿ ಎಲ್ಲಾ ಇಟ್ಟಿದೀನಿ." ಡ್ರಾಯರಿನಿಂದ ಹೆಸರಿನ ಚೀಟಿಗಳನ್ನು ತೆಗೆದು ಕೊಟ್ಟ. ಮತ್ತಿ, ನಂದಿ, ಹೊನ್ನೆ. ಹೆಸರುಗಳು ಮಾತ್ರ ಉಳಿದಿದ್ದವು.

ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಅಂದು ಮಧ್ಯಾಹ್ನ ಟೈಪಾಗಿ ಬಂದ ಕರಡು ಓದಿದೆ. ಆ ತಿರುವಿಗೆ ಒಂದೇ ಸಾಲು: ಅಕೇಶಿಯಾ ನೆಡುತೋಪು, ಹಿಂಬದಿಯಲ್ಲಿ ಒಣಗಿದ ಕುರುಚಲು, ಸಂರಕ್ಷಣೆಯ ಮೌಲ್ಯ ಇಲ್ಲ. ಅಧ್ಯಾಯದ ಕೊನೆಯಲ್ಲಿ 'ಸಸ್ಯ ಸಮೀಕ್ಷೆ' ಎಂದು ಬರೆದು ನನ್ನ ಹೆಸರು, ಪದವಿ. ಅವರ ಹೆಸರಲ್ಲ. ನೋಡದವರು ಹೇಳಿದ್ದಕ್ಕೆ ನೋಡಿದವಳ ಹೆಸರು.

"ನನ್ನ ಹೆಸರು ತೆಗೀರಿ ಸರ್," ಎಂದೆ.

"ಯಾಕಮ್ಮ? ನಿಂಗೆ ಒಳ್ಳೇದಾಗ್ಲಿ ಅಂತ ಹಾಕಿಸಿದ್ದು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತೆ. ಹುಡುಗೀರಿಗೆ ಅವಕಾಶ ಕೊಡೋದೇ ತಪ್ಪು ಅನ್ನೋ ಹಂಗೆ ಮಾಡ್ಬೇಡ."

ಬುಧವಾರ ಶಿವಮೊಗ್ಗದ ಅರಣ್ಯ ಕಚೇರಿಯಲ್ಲಿ ಸಭೆ. ವರದಿಯ ಕರಡನ್ನು ಅಲ್ಲಿಯ ಅಧಿಕಾರಿಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಉದ್ದನೆಯ ಕೋಣೆ, ಸುತ್ತ ಕುರ್ಚಿಗಳು, ಕುಳಿತವರಲ್ಲಿ ನಾನೊಬ್ಬಳೇ ಹೆಂಗಸು. ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ. ಚಹಾ ಬಂತು, ನಾನು ತೆಗೆದುಕೊಳ್ಳಲಿಲ್ಲ.

ಅಧಿಕಾರಿ ಹಾಳೆಗಳನ್ನು ತಿರುಗಿಸುತ್ತ ಹೋದರು. ಮಾತು ಕಡಿಮೆಯ ಮನುಷ್ಯ. ಆ ತಿರುವಿನ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು.

"ಇಲ್ಲಿ ಹೊಸ ರಸ್ತೆ ಅಲೈನ್‌ಮೆಂಟ್ ಒಳಗೆ ಹೋಗುತ್ತಲ್ಲ. ರಸ್ತೆ ಬಿಟ್ಟು ಒಳಗೆ ಯಾರಾದ್ರೂ ಹೋಗಿ ನೋಡಿದ್ರಾ?"

"ಹೋಗಿದ್ವಿ ಸರ್," ಎಂದರು ಮುಖ್ಯಸ್ಥರು. "ಟೀಮ್ ಪೂರ್ತಿ ಇಳಿದು ನೋಡಿದೆ."

ಇಳಿದದ್ದು ನಿಜ. ಏತಕ್ಕೆ ಇಳಿದರು, ಎಲ್ಲಿಯವರೆಗೆ ಹೋದರು ಎಂಬುದು ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು.

"ಇಲ್ಲ ಸರ್," ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಒಳಗೆ ಹೋಗಿದ್ದು ನಾನೊಬ್ಬಳೇ. ಅಲ್ಲಿರೋದು ಕುರುಚಲಲ್ಲ. ದೊಡ್ಡ ಮರಗಳಿರೋ ಸಹಜ ಕಾಡು."

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು. "ಯಾವಾಗಮ್ಮ ಹೋಗಿದ್ದೆ? ಸರ್ವೆ ಮಾಡುವಾಗ ನಾವೆಲ್ಲ ಒಟ್ಟಿಗೇ ಇದ್ವಲ್ಲ. ಒಬ್ಬಳೇ ಕಾಡೊಳಗೆ ಏನಕ್ಕೆ ಹೋಗಿದ್ದೆ? ಹೇಳು, ಸಾಹೇಬ್ರು ಕೇಳ್ತಿದಾರೆ."

ಸಾಹೇಬರು ಕೇಳಿರಲಿಲ್ಲ. ಇಂಜಿನಿಯರು ನಕ್ಷೆಯ ಸುರುಳಿಯನ್ನು ನೋಡತೊಡಗಿದರು. ನಾನು ಹೇಳುವುದಿಲ್ಲ ಎಂಬ ಭರವಸೆಯ ಮೇಲೆ ಮುಖ್ಯಸ್ಥರು ಆ ಪ್ರಶ್ನೆ ಕೇಳಿದ್ದರು. ಮೂರು ತಿಂಗಳಿನಿಂದ ನೀರು ಕುಡಿಯದೆ, ಜೀಪು ನಿಲ್ಲಿಸಿ ಎಂದು ಒಮ್ಮೆಯೂ ಕೇಳದೆ ಆ ಭರವಸೆಯನ್ನು ಅವರಿಗೆ ಕೊಟ್ಟವಳು ನಾನೇ. ನನ್ನ ಮರ್ಯಾದೆಯನ್ನೇ ಹಿಡಿದು ಆ ಮರಗಳನ್ನು ಕಡಿಸಬಹುದು ಎಂದು ಅವರಿಗೆ ಗೊತ್ತಿತ್ತು. ಇಷ್ಟು ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

"ಮೂತ್ರಕ್ಕೆ ಹೋಗಿದ್ದೆ ಸರ್," ಎಂದೆ.

ಯಾರದೋ ಕಪ್ಪು ಬಸಿಯ ಮೇಲೆ ಸದ್ದು ಮಾಡಿತು. ಮೂಲೆಯಲ್ಲಿ ಒಬ್ಬರು ಕಿಸಕ್ಕೆಂದು ನಕ್ಕು ಕೆಮ್ಮಿದರು.

"ನೀವು ಮೂರು ಜನ ರಸ್ತೆ ಪಕ್ಕದಲ್ಲೇ, ಮೊದಲನೇ ಸಾಲಿನ ಅಕೇಶಿಯಾ ಮುಂದೆ ನಿಂತಿದ್ರಿ. ಪ್ರತಿ ಸಲ ಅಲ್ಲೇ ನಿಲ್ತೀರಿ. ಅದಕ್ಕೇ ವರದಿಯಲ್ಲಿ ಬರೀ ಅಕೇಶಿಯಾ ಇದೆ. ನನಗೆ ರಸ್ತೆ ಕಾಣದಷ್ಟು ಒಳಗೆ ಹೋಗಬೇಕಿತ್ತು. ಅಲ್ಲಿ ಕಂಡಿದ್ದನ್ನ ಹೇಳ್ತಿದೀನಿ."

ಮುಖ್ಯಸ್ಥರ ಕತ್ತು ಕೆಂಪಾಯಿತು. "ಏನು ಮಾತಮ್ಮ ಇದು, ಸಭೇಲಿ..."

"ಒಂದು ನಿಮಿಷ," ಎಂದರು ಅಧಿಕಾರಿ. ಅವರು ನಕ್ಕಿರಲಿಲ್ಲ. "ಏನೇನು ಮರ ಇದೆ?"

ಹೇಳಿದೆ.

"ಮಾರ್ಚಲ್ಲಿ ಎಲೆ ಇರಲ್ಲ. ಮತ್ತಿ ಅಂತ ಹೇಗೆ ಹೇಳ್ತೀರಿ? ತೊಗಟೆ ನೋಡಿ ಯಾರು ಬೇಕಾದ್ರೂ ಹೇಳಬಹುದು, ತಪ್ಪೂ ಆಗಬಹುದು."

ಕಸದಬುಟ್ಟಿಗೆ ಹೋದದ್ದು ಮೇಜಿನ ಮೇಲಿದ್ದದ್ದು ಮಾತ್ರ. ಮೊದಲ ದಿನ ಚೀಲಕ್ಕೆ ಹಾಕಿಕೊಂಡಿದ್ದ ಎಲೆ ಚೀಲದಲ್ಲೇ, ಮುಟ್ಟದ ನೀರಿನ ಬಾಟಲಿಯ ಪಕ್ಕದ ಪುಸ್ತಕದೊಳಗೆ ಇತ್ತು. ಎದ್ದು ಹೋಗಿ ಅವರ ಮುಂದಿಟ್ಟೆ.

"ಬೋರಲು ಹಾಕಿ ಸರ್. ತೊಟ್ಟಿನ ಹತ್ತಿರ ಉಗುರಲ್ಲಿ ಮುಟ್ಟಿ ನೋಡಿ."

ಅವರು ಕನ್ನಡಕ ತೆಗೆದು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದರು, ಹೆಬ್ಬೆರಳಿನ ಉಗುರನ್ನು ನಡುನರದ ಮೇಲೆ ನಿಧಾನವಾಗಿ ಎಳೆದರು. ಅಲ್ಲಿ ತಡೆಯಿತು. ಮತ್ತೊಮ್ಮೆ ಎಳೆದು ನೋಡಿದರು.

"ಲೆಕ್ಕ ತನ್ನಿ," ಎಂದರು. "ಬಾಯಿ ಮಾತಲ್ಲಿ ಆಗಲ್ಲ. ಹಗ್ಗ ಹಾಕಿ, ಸುತ್ತಳತೆ ಸಮೇತ ಬರಬೇಕು. ನಾಳೆ ಬೆಳಿಗ್ಗೆ ಆ ತಿರುವಿಗೆ ನಮ್ಮ ಫಾರೆಸ್ಟ್ ಗಾರ್ಡನ್ನ ಕಳಿಸ್ತೀನಿ. ಅದು ಬರೋವರೆಗೂ ಈ ಹಾಳೆಗೆ ನಾನು ಸಹಿ ಹಾಕಲ್ಲ." ಆ ಒಂದು ಹಾಳೆಯನ್ನು ಕರಡಿನಿಂದ ಬಿಡಿಸಿ ಎಲೆಯ ಕೆಳಗೆ ಇಟ್ಟುಕೊಂಡರು.

ಹೊರಗೆ ಜೀಪಿನ ಹತ್ತಿರ ಮುಖ್ಯಸ್ಥರು ನನಗಾಗಿ ಕಾದಿದ್ದರು.

"ಅಷ್ಟು ಜನ ಗಂಡಸರ ಮುಂದೆ ಬಾಯಿ ಬಿಟ್ಟು ಹೇಳಿದೆಯಲ್ಲ, ನಾಚಿಕೆ ಆಗ್ಲಿಲ್ವಾ ನಿಂಗೆ?"

"ನಾಚಿಕೆ ಆಯ್ತು ಸರ್," ಎಂದೆ. "ಕೇಳಿದ್ದು ನೀವು."

"ನಾಳೆ ಜೀಪು ಸಿಗಲ್ಲ. ಅದ್ಹೇಗೆ ಹೋಗ್ತೀಯೋ ಹೋಗು. ಏಪ್ರಿಲಿಂದ ಬರೋದೂ ಬೇಡ."

"ಬಸ್ಸಿದೆ ಸರ್."

ಅವರು ಫೋನು ಒತ್ತುತ್ತ ಆಚೆ ಹೋದರು. ಡ್ರೈವರು ಜೀಪಿನ ಗಾಜು ಒರೆಸುವಂತೆ ನಟಿಸುತ್ತಿದ್ದ. ಸಭೆಯಲ್ಲಿ ನಡೆದದ್ದು ಕಾರಿಡಾರಿನಲ್ಲಿ ಕುಳಿತವರಿಗೆಲ್ಲ ಆಗಲೇ ತಲುಪಿತ್ತು.

"ಮೇಡಂ," ಎಂದ ತಲೆಯೆತ್ತದೆ. "ಒಂದ್ ಮಾತು ಹೇಳಿದ್ರೆ ಪೆಟ್ರೋಲ್ ಬಂಕಲ್ಲಿ ನಿಲ್ಲಿಸ್ತಿದ್ನಲ್ಲ."

"ಅಲ್ಲಿ ಲೇಡೀಸ್ ಬಾಗಿಲಿಗೆ ಬೀಗ ಹಾಕಿರ್ತಾರೆ. ಬೀಗದ ಕೈ ಕೇಳಿದ್ರೆ, ಸೂಪರ್‌ವೈಸರ್ ಊಟಕ್ಕೆ ಹೋಗಿದಾರೆ ಅಂತಾರೆ."

"ಅದ್ಯಾಕೆ ಬೀಗ?"

"ಗಂಡಸರು ಗಲೀಜು ಮಾಡ್ತಾರಂತೆ."

ಅವನು ಬಟ್ಟೆಯನ್ನು ಹಿಂಡಿದ. "ಅಯ್ಯೋ ಕಡವುಳೇ," ಎಂದು ತನ್ನ ತಮಿಳಿನಲ್ಲಿ ದೇವರನ್ನು ಕರೆದ, ಮತ್ತೆ ಗಾಜು ಒರೆಸತೊಡಗಿದ.

ಅಂದು ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದರೂ ಯಾವ ಮರವನ್ನೂ ನೋಡಲಿಲ್ಲ. ಆಡಿದ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳಿ ಮೈ ಬಿಸಿಯಾಗುತ್ತಿತ್ತು. ನಾಳೆ ಇಡೀ ಶಿವಮೊಗ್ಗ ನಗುತ್ತದೆ ಎನಿಸಿತು. ಆಮೇಲೆ, ನಾನು ಹೇಳಿದ್ದರಲ್ಲಿ ನಗೆಪಾಟಲಾಗುವಂಥ ಕೆಲಸ ಯಾರದು ಎಂದು ಯೋಚಿಸಿದಾಗ ಸಿಟ್ಟು ವಾಪಸು ಬಂತು, ನಾಚಿಕೆ ಸ್ವಲ್ಪ ಸರಿಯಿತು. ಮನೆಯಲ್ಲಿ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಲಿಲ್ಲ. ನಾಳೆ ಬೇಗ ಹೊರಡಬೇಕು, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬೇಕು ಎಂದೆ. ಅವಳು ಏಕೆಂದು ಕೇಳದೆ ಬಟ್ಟೆ ತೆಗೆದು, ಗಂಟು ಬಿಚ್ಚಿ ಸುತ್ತಿ ಕೊಟ್ಟಳು. ಅಳತೆಪಟ್ಟಿ ನನ್ನ ಬಳಿಯೇ ಇತ್ತು. ಹಗ್ಗವನ್ನು ಅಂಗಳದಲ್ಲಿ ಹಾಸಿ, ಅಳೆದು, ಚೌಕದ ಮೂಲೆ ಬರುವ ಕಡೆಗಳಲ್ಲಿ ಕೆಂಪು ದಾರ ಕಟ್ಟಿದೆ.

ಮರುದಿನ ಬೆಳಿಗ್ಗೆ ಕಾಫಿಯನ್ನು ಪೂರ್ತಿ ಲೋಟ ಕುಡಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತೇ ಒಂದು ಚೊಂಬು ನೀರು ಕುಡಿದೆ. ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಶಿವಮೊಗ್ಗದಲ್ಲಿ ಬಸ್ಸು ಬದಲಾಯಿಸಿದೆ. ಆಯನೂರು ದಾಟಿದ ಮೇಲೆ ಎದ್ದು ನಿಂತಾಗ ಕಂಡಕ್ಟರು, "ಇಲ್ಲೆಲ್ಲಿ ಇಳೀತೀರಾ? ಇಲ್ಲಿ ಊರೇ ಇಲ್ವಲ್ಲ," ಎಂದ. ತಿರುವಿನಲ್ಲಿ ಇಳಿಸಿ ಎಂದೆ. ಗಾರ್ಡು ಕಿಲೋಮೀಟರ್ ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ನನ್ನನ್ನು ಕಂಡು ಆರಿಸಿ ಎದ್ದ.

"ಎಲ್ಲಿಂದ ಶುರು ಮಾಡೋದು ಮೇಡಂ? ಈ ಅಕೇಶಿಯಾದಿಂದಾನಾ?"

"ಅಲ್ಲ. ಇದನ್ನ ದಾಟಿ."

ಚೀಲದಿಂದ ಬಾಟಲಿ ತೆಗೆದು, ರಸ್ತೆಯ ಬದಿಯಲ್ಲೇ ನಿಂತು, ಅದರಲ್ಲಿದ್ದ ನೀರನ್ನೂ ಖಾಲಿ ಮಾಡಿದೆ. ಹಗ್ಗದ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಸಾಲುಗಳ ಒಳಗೆ ನಡೆದೆ. ಕಾಲಿನ ಕೆಳಗಿನ ಸದ್ದು ಬದಲಾದ ಕಡೆ ನಿಂತು, ಮೊದಲು ಎದುರಾದ ಮತ್ತಿಯ ಸುತ್ತ ಎದೆಯೆತ್ತರಕ್ಕೆ ಅಳತೆಪಟ್ಟಿ ಸುತ್ತಿದೆ.